ಭಾಗವತಿಕೆಯಲ್ಲಿ ದಾಂಪತ್ಯ : ಲೀಲಾವತಿ ಬೈಪಡಿತ್ತಾಯರ ಗಾನವಿಚಾರ

ತೆಂಕುತಿಟ್ಟಿನ ಯಕ್ಷಗಾನವನ್ನು ಕುರಿತು ಬರೆಯುವವರು ಲೀಲಾವತಿ ಬೈಪಡಿತ್ತಾಯರ ಹೆಸರನ್ನೆತ್ತಿದೊಡನೆ ‘ಪ್ರಥಮ ಮಹಿಳಾ ಭಾಗವತರು’ ಎಂಬ ವಿಶೇಷಣವನ್ನು ಸೇರಿಸಿ, ಅಲ್ಲಿಗೆ ವಿಚಾರವನ್ನು ಮುಗಿಸುವುದು ವಾಡಿಕೆಯಾಗಿದೆ. ವಿಶೇಷಣವು ಸುಳ್ಳಲ್ಲ. ವೃತ್ತಿಮೇಳಗಳೊಡನೆ ತಿರುಗಾಟ ಮಾಡಿ ಆಟವನ್ನು ನಡೆಸಿದ ಸ್ತ್ರೀಯರಲ್ಲಿ ಅವರೇ ಮೊದಲಿಗರೆಂಬುದು ಪ್ರಸಿದ್ಧವಾಗಿದೆ. ಆದರೆ ಮೊದಲಿಗತನವು ಕಾಲಕ್ಕೆ ಸಂಬಂಧಿಸಿದ ಗುಣವೇ ಹೊರತು ಗಾನಕ್ಕೆ ಸಂಬಂಧಿಸಿದುದಲ್ಲ. ಪಂಕ್ತಿಯಲ್ಲಿ ಮೊದಲು ಕುಳಿತವನೇ ಚೆನ್ನಾಗಿ ಉಂಡನೆಂದು ಯಾರೂ ಹೇಳುವುದಿಲ್ಲವಷ್ಟೆ. ಹಾಗೆಯೇ ಪತಿಯಾದ ಹರಿನಾರಾಯಣ ಬೈಪಡಿತ್ತಾಯರು ಚೆಂಡೆಮದ್ದಳೆಗಳಲ್ಲಿಯೂ ಪತ್ನಿಯು ಪದದಲ್ಲಿಯೂ ಒಂದೇ ರಂಗದಲ್ಲಿ ಕೂಡಿದುದನ್ನು ಒಂದು ಕೌತುಕವೆಂದು ಹೊಗಳಿ ಬಿಡುವವರೂ ಉಂಟು. ಈ ಎರಡು ಹೊಗಳಿಕೆಗಳೂ ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿ, ವಿಮರ್ಶೆಯನ್ನು ಹೊರಗೆ ನಿಲ್ಲಿಸಿವೆ.

ಚರಿತ್ರೆಯ ಅಂಶಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಲೀಲಾವತಿಯವರು 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಕರ್ಣಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ವಿವಾಹಾನಂತರ ಪತಿಯಿಂದಲೇ ಯಕ್ಷಗಾನದ ಹಾಡುಗಾರಿಕೆಯನ್ನು ಕಲಿತರು. ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಅರುವ ಮೇಳವೇ ಮೊದಲಾದ ಮೇಳಗಳಲ್ಲಿ ದಂಪತಿಗಳು ಜತೆಯಾಗಿ ದುಡಿದರು. ಬಜ್ಪೆಯ ಸಮೀಪದ ತಲಕಳದಲ್ಲಿ ನೆಲೆಸಿದ್ದರು. 2023ರಲ್ಲಿ ಲೀಲಾವತಿಯವರಿಗೆ ರಾಜ್ಯೋತ್ಸವ ಪ್ರಶಸ್ತಿಯು ಬಂದಿತು. 2024ರ ಡಿಸೆಂಬರ್ 14ರಂದು ಅವರು ತೀರಿಕೊಂಡರು.

ಭಾಗವತನೆಂದರೆ ಬರಿಯ ಗಾಯಕನಲ್ಲ. ಅವನೇ ಮೇಳದ ಒಂದನೆಯ ವೇಷವೆಂಬ ಮಾತು ಬಂಟವಾಳದಿಂದ ಮೂಡುಬಿದಿರೆಯವರೆಗೆ, ದೀಪಾವಳಿಯಿಂದ ಪತ್ತನಾಜೆಯವರೆಗೆ ಆಟ ನೋಡುವ ಜನರಿಗೆಲ್ಲ ತಿಳಿದುದೇ. ಯಾವ ಪದವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಅರ್ಥವನ್ನು ಬೆಳೆಸುತ್ತಿರುವ ವೇಷಧಾರಿಯನ್ನು ಎಲ್ಲಿ ತಡೆಯಬೇಕು, ಬೆಳಗಾಗುವುದರೊಳಗೆ ಪ್ರಸಂಗವನ್ನು ಹೇಗೆ ದಡ ಸೇರಿಸಬೇಕು ಎಂಬುದೆಲ್ಲವೂ ಅವನ ಜಾಗಟೆಗೆ ಅಧೀನವಾಗಿರುವುದು. ಅರ್ಥಾತ್ ಅವನು ಸೂತ್ರಧಾರನು. ಇಲ್ಲಿ ಸಂಸ್ಕೃತ ನಾಟಕಗಳ ಪ್ರಸ್ತಾವನೆಯನ್ನು ಸ್ಮರಿಸುವುದು ಉಚಿತ. ಅಲ್ಲಿಯೂ ರಂಗವನ್ನೇರುವವರು ದಂಪತಿಗಳೇ. ಶಾಕುಂತಲದಲ್ಲಿ ಸೂತ್ರಧಾರನು ನಟಿಯನ್ನು ಕರೆದು ಗ್ರೀಷ್ಮವನ್ನು ಹಾಡೆಂದು ಕೇಳುವನು. ಆಕೆಯ ಗಾನಕ್ಕೆ ಮೈಮರೆತು, ಆಡಬೇಕಾದ ನಾಟಕವನ್ನೇ ಮರೆಯುವನು. ನಟಿಯು ಹಾಡುವಳು, ಆದರೆ ನಡೆಸುವವಳಲ್ಲ. ಹಾಡು ಮುಗಿದ ಮೇಲೆ ಆಕೆಗೆ ರಂಗದಲ್ಲಿ ಕೆಲಸವಿಲ್ಲ. ಬೈಪಡಿತ್ತಾಯ ದಂಪತಿಗಳಲ್ಲಿ ಈ ವ್ಯವಸ್ಥೆಯು ತಲೆಕೆಳಗಾಗಿದೆ. ಹಾಡುವ ಪತ್ನಿಯೇ ಸೂತ್ರವನ್ನು ಹಿಡಿದವಳು. ಮನೆಯಲ್ಲಿ ಗುರುವಾಗಿದ್ದ ಪತಿಯು ರಂಗದಲ್ಲಿ ಆಕೆಯ ಎತ್ತುಗಡೆಯನ್ನು ಕಾದು ಕುಳಿತವನು. ಈ ಸ್ಥಾನವಿಪರ್ಯಯವೇ ಈ ಜೋಡಿಯ ವೈಶಿಷ್ಟ್ಯ; ಪತಿಪತ್ನಿಯರು ಒಟ್ಟಿಗೆ ಕುಳಿತರೆಂಬುದಲ್ಲ.

ಇದಕ್ಕೆ ಒಂದು ಪೂರ್ವಪಕ್ಷವುಂಟು. ಸ್ತ್ರೀಕಂಠವು ಲಲಿತವಾದುದು; ವೀರರೌದ್ರಗಳ ಭಾರವನ್ನು ಅದು ಹೊರಲಾರದು; ಆದುದರಿಂದ ಭಾಗವತಿಕೆಯು ಪುರುಷರದೇ ಎಂದು. ಶಾಸ್ತ್ರವನ್ನು ನೆಚ್ಚಿ ಹೀಗೆ ಹೇಳುವವರಿಗೆ ಶಾಸ್ತ್ರದಲ್ಲಿಯೇ ಆಧಾರವಿಲ್ಲ. ಗಾನವು ಸ್ವಭಾವತಃ ಸ್ತ್ರೀಯರಿಗೂ ಪಾಠ್ಯವು ಪುರುಷರಿಗೂ ಸಲ್ಲುವುದೆಂಬುದೇ ಭರತನ ಅಭಿಪ್ರಾಯ. ಅದು ಹಾಗಿರಲಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪುರುಷಭಾಗವತರೂ ಏರುಶ್ರುತಿಯಲ್ಲಿಯೇ ಹಾಡುತ್ತಿದ್ದರು. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಆ ಏರುಶ್ರುತಿಗೇ ಹೆಸರಾದವರು. ಅವರನ್ನು ಕೇಳಿ ಬೆಳೆದ ಸೀಮೆಯಲ್ಲಿ ಶ್ರುತಿ ಎತ್ತರವಾಯಿತೆಂದು ಆಕ್ಷೇಪಿಸುವುದು ಸೋಜಿಗವೇ ಸರಿ. ವಾಸ್ತವದಲ್ಲಿ ಯಕ್ಷಗಾನದ ವೀರವು ಕಂಠದ ಗಾತ್ರದಲ್ಲಿಲ್ಲ. ಅಕ್ಷರಗಳನ್ನು ತಾಳದ ಮೇಲೆ ಇಡುವ ಬಿಗಿಯಲ್ಲಿದೆ. ಕರ್ಣಾಟಕ ಸಂಗೀತದಿಂದ ಬಂದವರಿಗೆ ಅಪಾಯವಿರುವುದೂ ಇಲ್ಲಿಯೇ. ರಾಗವನ್ನು ಬೆಳೆಸುವ ಆಸೆಯಿಂದ ಮಾತಿನ ಒಡಲು ಸಡಿಲವಾದರೆ ವೇಷವು ಕುಣಿಯದೆ ನಿಂತುಬಿಡುವುದು. ಈ ಅಪಾಯಕ್ಕೆ ಮದ್ದು ಸಂಗೀತದ ಗುರುವಿನಲ್ಲಿಲ್ಲ, ಮದ್ದಳೆಗಾರನಲ್ಲಿದೆ. ಲೀಲಾವತಿಯವರಿಗೆ ಯಕ್ಷಗಾನದ ಪದವನ್ನು ಕಲಿಸಿದವರು ಲಯವಾದ್ಯದವರೇ ಆದುದು ಈ ದೃಷ್ಟಿಯಿಂದ ದೊಡ್ಡ ಭಾಗ್ಯವೆನ್ನಬೇಕು.

ಮದ್ದಳೆಯ ಬಲದ ಮುಚ್ಚಿಗೆಯನ್ನು ಭಾಗವತನ ಶ್ರುತಿಗೆ ಸೇರಿಸಿಕೊಳ್ಳುವುದು ನಿಯಮ. ಶ್ರುತಿಯಲ್ಲಿ ವಾದ್ಯವು ಕಂಠವನ್ನು ಅನುಸರಿಸುತ್ತದೆ. ಲಯದಲ್ಲಿ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ನಿತ್ಯವೂ ಒಂದೇ ಕಂಠಕ್ಕೆ ಒಂದೇ ಕೈ ಒಗ್ಗಿದಾಗ ಬಿಡ್ತಿಗೆ ಎಲ್ಲಿ ಬೇಕು, ಮುಕ್ತಾಯ ಎಲ್ಲಿ ಬೇಕು ಎಂಬುದಕ್ಕೆ ಕಣ್ಸನ್ನೆಯೂ ಬೇಡವಾಗುವುದು. ಇದರಲ್ಲಿ ಒಂದು ದೋಷದ ಸಂಭವವೂ ಇದೆಯೆಂಬುದನ್ನು ಮರೆಮಾಚಬಾರದು. ಅತಿಪರಿಚಯದಿಂದ ನಿರೀಕ್ಷೆ ಸಾಯುತ್ತದೆ; ನಿರೀಕ್ಷೆಯಿಲ್ಲದ ಹಿಮ್ಮೇಳವು ವೇಷಧಾರಿಯನ್ನು ಕೆಣಕುವುದಿಲ್ಲ. ಪತಿಯ ಮದ್ದಳೆಯೊಡನೆ ಹಾಡಿದುದನ್ನೂ ಇತರರ ಮದ್ದಳೆಯೊಡನೆ ಹಾಡಿದುದನ್ನೂ ಮುದ್ರಿಕೆಗಳಿಂದ ಆಯ್ದು ಎದುರುಬದುರಾಗಿಟ್ಟು ನೋಡಿದಲ್ಲದೆ ಈ ವಿಷಯದಲ್ಲಿ ನಿರ್ಣಯ ಹೇಳುವುದು ನ್ಯಾಯವಲ್ಲ. ಆ ಕೆಲಸವನ್ನು ಮಾಡದೆ ‘ಆದರ್ಶ ದಾಂಪತ್ಯ’ವೆಂದು ಕೊಂಡಾಡುವುದರಿಂದ ಕಲೆಯ ಜ್ಞಾನವು ಕೂದಲೆಳೆಯಷ್ಟೂ ಬೆಳೆಯದು.

ಶಿಷ್ಯರು ಈರ್ವರ ಹೆಸರನ್ನೂ ಕೂಡಿಸಿ ‘ಹರಿಲೀಲಾ’ ಎಂದು ವ್ಯವಹರಿಸಿರುವುದುಂಟು. ಇದನ್ನು ಷಷ್ಠೀತತ್ಪುರುಷವೆಂದು ತಿಳಿದರೆ ಲೀಲೆಯು ಹರಿಯದಾಗುವುದು. ಪತ್ನಿಯ ಗಾನವೆಲ್ಲ ಪತಿಯ ಕೃತಿಯೆಂದು ಭಾವಿಸುವವರಿಗೆ ಅದೇ ವಿಗ್ರಹವಾಕ್ಯವು ಒಪ್ಪುವುದು. ಆದರೆ ಇಲ್ಲಿ ದ್ವಂದ್ವವೇ ಸಾಧು. ಹರಿ ಎಂಬುದು ಮೊದಲು ಬಂದುದಕ್ಕೂ ಗೌರವದ ಹೆಚ್ಚುಕಡಮೆ ಕಾರಣವಲ್ಲ. ಹ್ರಸ್ವ ಇಕಾರಾಂತವಾದ ಶಬ್ದವು ದ್ವಂದ್ವದಲ್ಲಿ ಪೂರ್ವಪದವಾಗಬೇಕೆಂಬ ಪಾಣಿನೀಯ ನಿಯಮವೇ ಕಾರಣ.

ಧರ್ಮಸ್ಥಳದ ಯಕ್ಷಗಾನ ಕೇಂದ್ರದಲ್ಲಿಯೂ ತಮ್ಮ ಮನೆಯಲ್ಲಿಯೂ ದಂಪತಿಗಳು ಹೇಳಿಕೊಟ್ಟ ಪಾಠವನ್ನು ಈ ದ್ವಂದ್ವದ ಬೆಳಕಿನಲ್ಲಿಯೇ ನೋಡಬೇಕು. ಪೂರ್ವದಲ್ಲಿ ಹಿಮ್ಮೇಳವನ್ನು ಕಲಿಯಬೇಕೆಂದಿದ್ದವನು ಮೇಳದ ಹಿಂದೆ ಅಲೆದು, ಕಂಡುದನ್ನು ಕೇಳಿದುದನ್ನು ಹೆಕ್ಕಿಕೊಳ್ಳಬೇಕಾಗಿತ್ತು. ಹೆಣ್ಣುಮಕ್ಕಳಿಗೆ ಆ ದಾರಿಯು ಮುಚ್ಚಿಯೇ ಇದ್ದಿತು. ಪದವೂ ಮದ್ದಳೆಯೂ ಒಂದೇ ಚಾವಡಿಯಲ್ಲಿ ದೊರೆತ ಮೇಲೆ, ಹಾಡಲು ಬಂದ ಹುಡುಗಿಯು ಏಕ, ಅಷ್ಟ, ತ್ರಿವುಡೆಗಳನ್ನು ಬಾಯಲ್ಲಿ ಎಣಿಸುತ್ತ ಕೂರಬೇಕಾಗಿಲ್ಲ. ಮೊದಲನೆಯ ದಿನವೇ ಮದ್ದಳೆಯ ಪೆಟ್ಟಿನ ಮೇಲೆ ಪದವನ್ನಿಡಲು ಕಲಿಯುವಳು.