‘ಘುಣಾಕ್ಷರ’ ಶಬ್ದದ ಅರ್ಥವಿಚಾರ

ವಿಮರ್ಶೆಯ ಬರಹಗಳಲ್ಲಿ ‘ಘುಣಾಕ್ಷರ ನ್ಯಾಯ’ವು ‘ಕಾಕತಾಳೀಯ’ಕ್ಕೆ ಪರ್ಯಾಯವಾಗಿ ಬಳಕೆಗೊಳ್ಳುವುದುಂಟು. ಎರಡಕ್ಕೂ ‘ಆಕಸ್ಮಿಕ’ವೆಂದೇ ಅರ್ಥ ಹೇಳಿ ಮುಂದೆ ಸಾಗುವುದು ತರಗತಿಗೆ ಅನುಕೂಲವಾದೀತು, ಶಬ್ದಕ್ಕೆ ಮಾತ್ರ ಅದರಿಂದ ಅನ್ಯಾಯವಾಗುತ್ತದೆಂದು ನಮ್ಮ ಅಭಿಪ್ರಾಯ.

‘ಘುಣ’ವೆಂದರೆ ಮರವನ್ನು ಕೊರೆಯುವ ಹುಳು, ಹಿಂದಿಯ ‘ಘುನ್’ ಇದರಿಂದಲೇ ಬಂದುದು. ಮರದಲ್ಲಾಗಲಿ ಓಲೆಯಲ್ಲಾಗಲಿ ಅದು ತಿಂದುಹೋದ ಹಾದಿ ಒಮ್ಮೊಮ್ಮೆ ಅಕ್ಷರದಂತೆ ತೋರುತ್ತದೆ, ಅದೇ ಘುಣಾಕ್ಷರ. ಕಾಗೆ ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಎರಡು ಘಟನೆಗಳು, ಅವು ಕೂಡಿದುದು ಆಕಸ್ಮಿಕ. ಘುಣಾಕ್ಷರದಲ್ಲಾದರೋ ಘಟನೆ ಒಂದೇ. ಮಿಕ್ಕುದು ಓದಬಲ್ಲವನ ಕಣ್ಣು. ಲಿಪಿಯರಿಯದವನಿಗೆ ಅದು ಬರಿಯ ಗೀರು. ಲ್ಯಾಟಿನ್ನಿನಲ್ಲಿ ‘ವರ್ಮಿಸ್’ ಎಂದರೆ ಹುಳು. ಸಣ್ಣ ಕಲ್ಲುಹರಳುಗಳನ್ನು ಬಳುಕು ಸಾಲಿನಲ್ಲಿ ಕೂಡಿಸುವ ಚಿತ್ರಗೆಲಸಕ್ಕೆ ‘ವರ್ಮಿಕ್ಯುಲಾಟುಮ್’ ಎಂಬ ಹೆಸರು ಅದರಿಂದ ಬಂದಿತು. ಆ ಶಬ್ದ ಹುಳುವಿನ ಆಕಾರವನ್ನಷ್ಟೇ ಕಂಡಿದೆ. ನಮ್ಮದು ಓದುಗನ ಭ್ರಮೆಯನ್ನೂ ಕಂಡಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತುಳುವಿನಲ್ಲಿ ಹುಳುವಿಗೆ ‘ಪುರಿ’ ಎನ್ನುತ್ತಾರೆ. ಹಳಗನ್ನಡದ ‘ಪುೞು’ವಿಗೆ ಇದು ಸೋದರ, ಕೋೞಿ-ಕೋರಿ, ಬಾೞೆ-ಬಾರೆಗಳಂತೆ ೞಕಾರದ ಸ್ಥಾನದಲ್ಲಿ ಇಲ್ಲಿ ರಕಾರವಿದೆ. (ಘಟ್ಟದ ಮೇಲಣ ವಿದ್ಯಾರ್ಥಿಗೆ ‘ಪುರಿ’ಯೆಂದರೆ ಕಡಲೆಪುರಿಯೇ ನೆನಪಾಗುವುದು ಸಹಜ!)

ಈ ಹುಳುವಿನ ಬರವಣಿಗೆ ನಮಗೆ ಬರಿಯ ದೃಷ್ಟಾಂತವಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದ ಧವಲಾ, ಜಯಧವಲಾ, ಮಹಾಬಂಧಗಳು ತಾಳೆಯೋಲೆಯವು. ಭಾಷೆ ಪ್ರಾಕೃತವಾದರೂ ಲಿಪಿ ಹಳಗನ್ನಡ. ವೀರಸೇನರು 9ನೆಯ ಶತಮಾನದ ಆದಿಯಲ್ಲಿ ಮುಗಿಸಿದ ಧವಲಾ ಟೀಕೆಯ ಮೊದಲ ಸಂಪುಟ ಹೀರಾಲಾಲ ಜೈನರ ಸಂಪಾದನೆಯಲ್ಲಿ ಅಚ್ಚಾದುದು 1939ರಲ್ಲಿ. ಅಷ್ಟು ಕಾಲ ಗ್ರಂಥವನ್ನು ಹೊತ್ತುದು ಓಲೆ. ಕರಾವಳಿಯ ತೇವದಲ್ಲಿ ಓಲೆಗೆ ಹುಳು ತಪ್ಪಿದುದಲ್ಲ.

ಇಂಥ ಓಲೆಗಳನ್ನು ಓದುವವರು ಹೆಚ್ಚು ಎಚ್ಚರ ವಹಿಸಬೇಕಾದುದು ಅನುಸ್ವಾರದಲ್ಲಿ. ಹಳಗನ್ನಡ ಲಿಪಿಯ ಸೊನ್ನೆಗೂ ಹುಳು ಕೊರೆದ ದುಂಡು ರಂಧ್ರಕ್ಕೂ ರೂಪಸಾಮ್ಯ ಬಹಳ. ಪ್ರತಿಯ ಪ್ರತಿಯನ್ನಷ್ಟೇ ನೋಡುವ ಸಂಪಾದಕನಿಗೆ ಅವುಗಳ ಭೇದ ತಿಳಿಯುವುದೇ ಇಲ್ಲ. ಮೂಲದ ಹಿಂದುಮುಂದಿನ ಓಲೆಗಳಲ್ಲಿಯೂ ಅದೇ ಎಡೆಯಲ್ಲಿ ರಂಧ್ರವಿದ್ದರೆ ಅದು ಲಿಪಿಕಾರನದಲ್ಲ. ಒಂದೇ ಓಲೆಯಲ್ಲಿದ್ದು ಅರ್ಥಕ್ಕೂ ಹೊಂದುವಂತೆ ತೋರುವ ಸೊನ್ನೆಯದೇ ತೊಡಕು. ಪದ್ಯವಾದರೆ ಛಂದಸ್ಸು ನೆರವಿಗೆ ಬರುತ್ತದೆ, ಅನುಸ್ವಾರ ಸೇರಿದ ಅಕ್ಷರ ಗುರುವಾಗಬೇಕಷ್ಟೆ. ಗದ್ಯದಲ್ಲಿ ಬೇರೆ ಪ್ರತಿ ದೊರೆಯುವವರೆಗೆ ಆ ಸೊನ್ನೆಯನ್ನು ಕಂಸದಲ್ಲಿರಿಸುವುದು ಯುಕ್ತ.