ಪತ್ರಮುಖೇನ ಚಿಕಿತ್ಸೆ: ಟಿಪ್ಪು ಸುಲ್ತಾನನ ಪತ್ರಸಂಗ್ರಹದ ವಿಮರ್ಶೆ

ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿರುವ 1196ರ ಶಾಸನವು ಜನ್ನಕವಿಯ ರಚನೆ. ಅದರಲ್ಲಿ ಕೇಳಿಬರುವುದು ದೇವಾಲಯವನ್ನು ಕಟ್ಟಿಸಿದ ದಂಡನಾಯಕನ ಪಕ್ಷ. ಶಾಸನಾಭ್ಯಾಸಿಗಳು ಇಂತಹ ಏಕಪಕ್ಷದ ಬರಹವನ್ನು ಎಚ್ಚರದಿಂದಲೇ ಓದುತ್ತಾರೆ. ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಆ ಎಚ್ಚರವು ಸಡಿಲುವುದುಂಟು.

ತರೀಕೆರೆಯ ಸೀಮೆಯೂ ಸೇರಿದ್ದ 18ನೆಯ ಶತಮಾನದ ಮೈಸೂರು ರಾಜ್ಯದಲ್ಲಿ ಪತ್ರದ ಮೂಲಕ ಔಷಧೋಪದೇಶವು ನಡೆಯುತ್ತಿದ್ದುದಕ್ಕೆ ವಿಲಿಯಂ ಕರ್ಕ್‌ಪ್ಯಾಟ್ರಿಕ್ಕನು 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಟಿಪ್ಪು ಸುಲ್ತಾನನ ಆಯ್ದ ಪತ್ರಗಳು ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ದೊರೆತ ಪಾರಸಿ ಪ್ರತಿಗಳ ಭಾಷಾಂತರವಿದು. ಇವುಗಳಲ್ಲಿ ಅಶ್ಮರಿಗೂ ಹುಚ್ಚುನಾಯಿಯ ಕಡಿತಕ್ಕೂ ಸುಲ್ತಾನನು ಬರೆಯಿಸಿದ ಚಿಕಿತ್ಸಾವಿಧಿಗಳಿವೆ. ಎರಡೂ ಅಂಚೆಯ ವಿಳಂಬವನ್ನು ಸಹಿಸುವ ವ್ಯಾಧಿಗಳೆಂಬುದು ಗಮನಾರ್ಹ: ಕಲ್ಲು ಮೆಲ್ಲನೆ ಬೆಳೆಯುವುದು, ಅಲರ್ಕವಿಷವು ತಡವಾಗಿ ಏರುವುದು. ಸನ್ನಿಪಾತಜ್ವರವಾದರೋ ಹರಿಕಾರನ ಬರವನ್ನು ಕಾಯುವುದಿಲ್ಲ.

ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ವಾಗ್ಭಟನ ಮತ. ಪತ್ರದಲ್ಲಿ ಮೊದಲೆರಡು ಲೋಪವಾಗಿ ಪ್ರಶ್ನವೊಂದೇ ಉಳಿಯುವುದು. ಆದುದರಿಂದ ರೋಗಿಯ ಕಡೆಯಿಂದ ಬಂದ ಪತ್ರವೇ ಇಲ್ಲಿ ನಾಡಿ, ಅದೇ ಜಿಹ್ವೆ. ಕರ್ಕ್‌ಪ್ಯಾಟ್ರಿಕ್ಕನ ಸಂಗ್ರಹದಲ್ಲಿರುವುದು ಸುಲ್ತಾನನಿಂದ ಹೊರಟ ಪತ್ರಗಳು ಮಾತ್ರ. ಸುಶ್ರುತನು ಅಶ್ಮರಿಯನ್ನು ನಾಲ್ಕು ಬಗೆಯಾಗಿ ವಿಭಜಿಸಿ, ಎಳೆಯದಕ್ಕೆ ಔಷಧವನ್ನೂ ಬಲಿತುದಕ್ಕೆ ಶಸ್ತ್ರವನ್ನೂ ಹೇಳಿದ್ದಾನೆ. ಯಾವ ಬಗೆ, ಎಷ್ಟು ಬಲಿತಿತ್ತು ಎಂಬುದನ್ನು ಅರಿಯದೆ ಸುಲ್ತಾನನ ವಿಧಿಯನ್ನು ಹೊಗಳುವುದೂ ಸಲ್ಲದು, ನಗುವುದೂ ಸಲ್ಲದು. ಸಂಪಾದಕನು ಟಿಪ್ಪುವಿನ ದೋಷಗಳನ್ನು ತೋರಿಸುವ ಉದ್ದೇಶವನ್ನು ಮರೆಮಾಚಿದವನಲ್ಲ. ಗೆದ್ದ ಪಕ್ಷದವನು ಆಯ್ದ ಪತ್ರಗಳಿವೆಂಬುದನ್ನೂ ಮರೆಯಲಾಗದು.

ಇದೇ ಕಾಲದಲ್ಲಿ ಎಡಿನ್‌ಬರೋದ ವೈದ್ಯ ವಿಲಿಯಂ ಕಲೆನ್ನನು (ಮರಣ 1790) ದೂರದ ರೋಗಿಗಳಿಗೆ ಪತ್ರಗಳಿಂದಲೇ ಸಲಹೆ ಕೊಡುತ್ತಿದ್ದನು. ಅವನಿಗೆ ಬಂದ ಪತ್ರಗಳೂ ಅವನ ಉತ್ತರಗಳ ಪ್ರತಿಗಳೂ ಸಾವಿರಾರು ಉಳಿದಿವೆ. 1781ರಿಂದ ಜೇಮ್ಸ್ ವ್ಯಾಟನ ಪ್ರತಿಯಂತ್ರವನ್ನೂ ಬಳಸಿದನು. ಅಲ್ಲಿ ನೋವನ್ನು ಹೇಳಿದವನ ಮಾತು ಮೊದಲು, ವೈದ್ಯನ ಮಾತು ಅನಂತರ. ಮೈಸೂರಿನ ಪತ್ರಗಳಲ್ಲಾದರೋ ಔಷಧವನ್ನು ವಿಧಿಸುವವನು ವೈದ್ಯನಲ್ಲ, ಪ್ರಭು. ಉಪದೇಶವು ಆಜ್ಞೆಯ ಧಾಟಿಯಲ್ಲಿದೆ. ಪಥ್ಯವನ್ನು ಮುರಿದರೆ ಅದು ರೋಗಿಯ ಅಪಥ್ಯವೋ ನೌಕರನ ಅವಿಧೇಯತೆಯೋ ಎಂಬ ಪ್ರಶ್ನೆಗೆ ಉತ್ತರವು ಹಿಂದಿರುಗಿ ಬಂದ ಪತ್ರದಲ್ಲಿರಬೇಕಾಗಿತ್ತು.