‘ಸಮಗ್ರ’ ಎಂಬ ಮಾತಿನ ಅರ್ಥ: ಮನೆಗಳಲ್ಲಿ ಕೂಡಿಸಿಟ್ಟ ದೂರದರ್ಶನ ಧಾರಾವಾಹಿಗಳನ್ನು ಕುರಿತು

ಗ್ರಂಥಸಂಪಾದನೆಯಲ್ಲಿ ‘ಸಮಗ್ರ’ ಎಂಬ ವಿಶೇಷಣವು ಸುಲಭವಾಗಿ ಸಲ್ಲತಕ್ಕದ್ದಲ್ಲ. ನಮ್ಮ ಜಿಲ್ಲೆಯ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲವೆಂದು ತೋರುತ್ತದೆ. ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ಪರಂಪರೆಯಿಂದ ಪ್ರಸಿದ್ಧವಾಗಿದೆ. ಅವರ ಮತ್ತು ಅವರ ಸಮಕಾಲೀನರ ವಚನಗಳಿದ್ದ ತಾಡವೋಲೆಗಳನ್ನು ಊರೂರಿಗೆ ಹೋಗಿ ಕೂಡಿಸಿದವರಲ್ಲಿ ಅಗ್ರಗಣ್ಯರು, ಬಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು (1880-1964). ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಪ್ರಕಟವಾಯಿತು. ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದದ್ದು 1993ರಲ್ಲಿ. ಅದರ ಪ್ರಧಾನ ಸಂಪಾದಕರಾಗಿದ್ದ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನವರು. ಮೊದಲ ಸಂಕಲನದಿಂದ ಸಮಗ್ರ ಸಂಪುಟಗಳವರೆಗೆ 70 ವರ್ಷಗಳು ಸಂದವು. ಯಾವ ಪ್ರತಿಯಲ್ಲಿ ಏನಿದೆ, ಯಾವುದು ಇಲ್ಲ, ಯಾವ ಪಾಠವು ಎಲ್ಲಿಂದ ಬಂದಿತು ಎಂಬ ವಿಚಾರಣೆ ನಡೆದ ಬಳಿಕವೇ ವಿದ್ವಾಂಸರು ಆ ಪದವನ್ನು ಬಳಸಲು ಧೈರ್ಯ ಮಾಡಿದರು.

ಇದೇ ಪದವು ಕಳೆದ ಕೆಲವು ದಶಕಗಳಿಂದ ಬೇರೊಂದು ವಸ್ತುವಿನ ಮೇಲೆ ಕಾಣಿಸಿಕೊಳ್ಳುತ್ತಿದೆ. ದೂರದರ್ಶನದಲ್ಲಿ ಪ್ರಸಾರವಾದ ಧಾರಾವಾಹಿಗಳನ್ನು ವಿಡಿಯೋ ಕ್ಯಾಸೆಟ್ಟುಗಳಲ್ಲಿಯೂ, ತರುವಾಯ ವಿಸಿಡಿ ಮತ್ತು ಡಿವಿಡಿಗಳಲ್ಲಿಯೂ ಮುದ್ರಿಸಿ, ಪೆಟ್ಟಿಗೆಯಲ್ಲಿಟ್ಟು, ‘ಸಮಗ್ರ ಧಾರಾವಾಹಿ’ ಎಂದು ಮಾರಲಾಯಿತು. ಅನೇಕ ಗೃಹಸ್ಥರು, ಅವರಲ್ಲಿಯೂ ವಿಶೇಷವಾಗಿ ಶಿಕ್ಷಕರು, ಇವನ್ನು ಕೊಂಡು ಪುಸ್ತಕಗಳ ಪಕ್ಕದಲ್ಲಿ ಇರಿಸಿದ್ದಾರೆ. ಇಂಥ ಸಂಗ್ರಹಗಳನ್ನು ಹವ್ಯಾಸವೆಂದು ಬದಿಗಿರಿಸುವುದು ವಾಡಿಕೆ. ಇವು ಇತಿಹಾಸದ ಆಕರಗಳೆಂಬುದನ್ನೂ, ಆಕರಗಳಾದ್ದರಿಂದಲೇ ಅವುಗಳ ‘ಸಮಗ್ರತೆ’ಯನ್ನು ಓಲೆಯ ಪ್ರತಿಯಂತೆ ಪರೀಕ್ಷಿಸಬೇಕೆಂಬುದನ್ನೂ ಪ್ರತಿಪಾದಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಎಣಿಕೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು 1986ರಿಂದ ದೂರದರ್ಶನದಲ್ಲಿ ಪ್ರಸಾರವಾಯಿತು. ಅದರ ಬಹುಭಾಗದ ಚಿತ್ರೀಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಗಿರೀಶ್ ಕಾರ್ನಾಡ್, ಅನಂತ್ ನಾಗ್, ವೈಶಾಲಿ ಕಾಸರವಳ್ಳಿ ಮೊದಲಾದ ಕನ್ನಡ ನಟರು ಅದರಲ್ಲಿ ಅಭಿನಯಿಸಿದರು. ಶಂಕರ್ ನಾಗ್ ನಿರ್ದೇಶಿಸಿದ ಹಿಂದಿ ಕಂತುಗಳು 39. ಇಂಗ್ಲಿಷಿನಲ್ಲಿ ಸಿದ್ಧವಾದವು 13. ಅವರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ಬಂದವು. ಹೀಗಿರುವಾಗ ‘ಸಮಗ್ರ ಮಾಲ್ಗುಡಿ ಡೇಸ್’ ಎಂದರೆ 39 ಕಂತುಗಳೇ, 54 ಕಂತುಗಳೇ? ಇಂಗ್ಲಿಷಿನ 13 ಕಂತುಗಳು ಹಿಂದಿಯವುಗಳ ಪಾಠಾಂತರಗಳೇ, ಅಥವಾ ಸ್ವತಂತ್ರ ಕೃತಿಗಳೇ? ಮೂಲವು ಇಂಗ್ಲಿಷಿನಲ್ಲಿ, ಪರಿಸರವು ಕನ್ನಡ ನಾಡಿನದು, ಪ್ರಸಿದ್ಧಿಯು ಹಿಂದಿಯಲ್ಲಿ ಎಂಬ ಈ ವಿಚಿತ್ರ ಸ್ಥಿತಿಯನ್ನು ಅರಿಯಬೇಕಾದರೆ ಎರಡು ಭಾಷೆಗಳ ಕಂತುಗಳೂ ಎದುರಿಗಿರಬೇಕು. ಪೆಟ್ಟಿಗೆಯ ಮೇಲಿನ ಪದವನ್ನು ನಂಬಿ ಒಂದೇ ಗುಂಪನ್ನು ಇಟ್ಟುಕೊಂಡವನು, ಒಂದೇ ಓಲೆಯ ಕಟ್ಟನ್ನು ನೋಡಿ ವಚನಕಾರನ ಬಗೆಗೆ ತೀರ್ಮಾನ ಕೊಟ್ಟವನಂತೆ ಆಗುತ್ತಾನೆ.

ಎಣಿಕೆಯು ಸರಿಯಾದ ಮಾತ್ರಕ್ಕೆ ಸಮಗ್ರತೆಯು ಸಿದ್ಧಿಸಿತೆಂದು ತಿಳಿಯಲಾಗದು. ಧಾರಾವಾಹಿಯು ವಾರಕ್ಕೊಂದು ಕಂತಿನಂತೆ ಜನರ ಎದುರಿಗೆ ಬಂದ ವಸ್ತು. ಅದರ ಹಿಂದೆ ಮುಂದೆ ವಾರ್ತೆಗಳಿದ್ದವು, ಪ್ರಾಯೋಜಕರ ಜಾಹೀರಾತುಗಳಿದ್ದವು, ಉದ್ಘೋಷಕಿಯ ಮಾತುಗಳಿದ್ದವು; ನಡುವೆ ಒಂದು ವಾರದ ನಿರೀಕ್ಷೆಯಿತ್ತು. ಮಾರಾಟದ ಡಿವಿಡಿಯು ಇವೆಲ್ಲವನ್ನೂ ಕಳೆದು ಕಥಾಭಾಗವನ್ನು ಮಾತ್ರ ಉಳಿಸುತ್ತದೆ. ಕಲಾವಿಮರ್ಶಕನಿಗೆ ಅಷ್ಟು ಸಾಕಾಗಬಹುದು. ಆದರೆ 1986ರಲ್ಲಿ ಒಂದು ಮನೆಯವರು ಆ ಸಂಜೆ ಏನನ್ನು ಕಂಡರು ಎಂದು ಕೇಳತಕ್ಕ ಇತಿಹಾಸಕಾರನಿಗೆ, ಮನೆಯಲ್ಲಿಯೇ ಯಾರೋ ಧ್ವನಿಮುದ್ರಣದ ಗುಂಡಿಯೊತ್ತಿ ಜಾಹೀರಾತುಗಳ ಸಮೇತ ಹಿಡಿದಿಟ್ಟ ಮಸುಕಾದ ಕ್ಯಾಸೆಟ್ಟು ಹೆಚ್ಚು ಬೆಲೆಯುಳ್ಳದ್ದು. ಅಂಗಡಿಯ ಸ್ವಚ್ಛ ಪ್ರತಿಯು ಬಂದಿತೆಂದು ಇಂಥ ಕ್ಯಾಸೆಟ್ಟುಗಳನ್ನು ಬಿಸುಡುವುದು ಅನೇಕ ಮನೆಗಳಲ್ಲಿ ನಡೆದುಹೋದ ನಷ್ಟ.

ತರಗತಿಯ ಅನುಭವವೂ ಇದೇ ಎಚ್ಚರಿಕೆಯನ್ನು ಕೊಡುತ್ತದೆ. ಇತಿಹಾಸದ ಅಧ್ಯಾಪಕರು ಬಹಳವಾಗಿ ಬಳಸತಕ್ಕ ಧಾರಾವಾಹಿಯೆಂದರೆ ಶ್ಯಾಮ್ ಬೆನೆಗಲ್ ಅವರು ನಿರ್ದೇಶಿಸಿದ, 1988ರಲ್ಲಿ ಪ್ರಸಾರವನ್ನು ಆರಂಭಿಸಿದ ‘ಭಾರತ್ ಏಕ್ ಖೋಜ್’. ಅದರ ಕಂತುಗಳು 53. ವಿಜಯನಗರದ ಏಳು ಬೀಳುಗಳಿಗೆ ಮೀಸಲಾದ ಕಂತುಗಳು ಅದರಲ್ಲಿವೆ. ಬಹುಕಾಲ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದು ಈಚೆಗೆ ತಾನೇ ಒಂದು ತಾಲೂಕಾಗಿರುವ ತಾಳಿಕೋಟೆಯ ಹೆಸರನ್ನು 1565ರ ಯುದ್ಧವು ಹೊತ್ತಿರುವುದರಿಂದ, ನಮ್ಮ ವಿದ್ಯಾರ್ಥಿಗಳಿಗೆ ಆ ಭಾಗವನ್ನು ತೋರಿಸುವ ಆಸೆಯು ಸಹಜ. ಆದರೆ ಅದೊಂದನ್ನೇ ಬಿಡಿಯಾಗಿ ನೋಡಿದ ವಿದ್ಯಾರ್ಥಿಯು ಅದನ್ನು ಯುದ್ಧದ ನೇರ ವರದಿಯೆಂದು ಭ್ರಮಿಸುವುದುಂಟು. ಮೊದಲಿನಿಂದ ನೋಡುತ್ತ ಬಂದವನಿಗೆ ಸಂಗತಿಯು ಬೇರೆಯಾಗಿ ಕಾಣುತ್ತದೆ. ರೋಶನ್ ಸೇಠ್ ಅವರು ಅಭಿನಯಿಸಿದ ನೆಹರೂ ಪಾತ್ರವು ಕಥೆಯನ್ನು ನಡೆಸುತ್ತದೆ. ಓಂ ಪುರಿಯವರ ಧ್ವನಿಯು ಅದನ್ನು ಜೋಡಿಸುತ್ತದೆ. ಇದಕ್ಕೆಲ್ಲ ಆಧಾರವು ನೆಹರೂ ಅವರು ಅಹಮದನಗರದ ಕೋಟೆಯಲ್ಲಿ ಬಂದಿಯಾಗಿದ್ದಾಗ ಬರೆದು 1946ರಲ್ಲಿ ಪ್ರಕಟವಾದ ಗ್ರಂಥ. ಅದೇ ಅಹಮದನಗರದ ನಿಜಾಮಶಾಹಿಯು 1565ರಲ್ಲಿ ಗೆದ್ದ ಪಕ್ಷಗಳಲ್ಲೊಂದು, ನಮ್ಮ ಆದಿಲಶಾಹಿಯು ಇನ್ನೊಂದು. ನಾಲ್ಕು ಶತಮಾನಗಳ ಬಳಿಕ ಒಬ್ಬ ರಾಷ್ಟ್ರೀಯ ನಾಯಕನು ಆ ಕೋಟೆಯೊಳಗೆ ಕುಳಿತು ಭಾರತದ ಏಕತೆಯನ್ನು ಅರಸಿ ಬರೆದ ವ್ಯಾಖ್ಯಾನವನ್ನು ತಾನು ನೋಡುತ್ತಿದ್ದೇನೆ ಎಂಬ ಅರಿವು ಇಡೀ ಸರಣಿಯಿಂದ ಮಾತ್ರ ಬರತಕ್ಕದ್ದು. ಸಮಗ್ರ ಸಂಗ್ರಹದ ಶೈಕ್ಷಣಿಕ ಪ್ರಯೋಜನವು ಇಲ್ಲಿದೆ: ಬಿಡಿ ಕಂತು ಮರೆಮಾಚುವ ವ್ಯಾಖ್ಯಾನಕಾರನನ್ನು ಪೂರ್ಣ ಸರಣಿಯು ತೋರಿಸಿಕೊಡುತ್ತದೆ.

ಇನ್ನು ಉಳಿವು ಅಳಿವುಗಳ ಪ್ರಶ್ನೆ. ಪ್ರಸಾರ ಸಂಸ್ಥೆಗಳೇ ಎಲ್ಲವನ್ನೂ ಕಾಪಾಡುತ್ತವೆ ಎಂಬ ನಂಬಿಕೆಗೆ ಇತಿಹಾಸದಲ್ಲಿ ಆಧಾರವಿಲ್ಲ. ವಿಡಿಯೋ ಟೇಪು ಬಹಳ ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಅಳಿಸಿ ಮತ್ತೆ ಬಳಸುವುದು ರೂಢಿಯಾಗಿತ್ತು. ಬ್ರಿಟನ್ನಿನ ಬಿಬಿಸಿಯು 1960ರ ದಶಕದಲ್ಲಿ ಪ್ರಸಾರ ಮಾಡಿದ ‘ಡಾಕ್ಟರ್ ಹೂ’ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರಭಾಗವು ಹೀಗೆ ಇಲ್ಲವಾಗಿದೆ. ಆದರೂ ಆ ಕಂತುಗಳ ಧ್ವನಿಭಾಗವು ಇಂದಿಗೂ ಉಳಿದಿದೆ. ಕಾರಣವೇನೆಂದರೆ ಕೆಲವು ಬಾಲಕರು, ತರುಣರು ತಮ್ಮ ಮನೆಗಳಲ್ಲಿ ಟೇಪ್ ರೆಕಾರ್ಡರಿನಲ್ಲಿ ಅವನ್ನು ಹಿಡಿದಿಟ್ಟಿದ್ದರು. ಸಂಸ್ಥೆಯು ಕಳೆದುದನ್ನು ಮನೆಗಳು ಉಳಿಸಿದುವು. ಹಳಕಟ್ಟಿಯವರಿಗೆ ಓಲೆಗಳು ದೊರೆತದ್ದೂ ಬಹುಮಟ್ಟಿಗೆ ಮನೆಗಳಲ್ಲಿ, ಮಠಗಳಲ್ಲಿ ಎಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು.

ಈ ವಿಚಾರವು ನಮ್ಮ ಜಿಲ್ಲೆಗೆ ಎಷ್ಟು ಸಮೀಪದ್ದೆಂಬುದು ಅನೇಕರಿಗೆ ತಿಳಿದಂತಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದದ್ದು 1981ರ ನವೆಂಬರ 1ರಂದು. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ 1ರಿಂದ 1976ರ ಜುಲೈ 31ರವರೆಗೆ, ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡ ಕಾರ್ಯಕ್ರಮಗಳು ಉಪಗ್ರಹದಿಂದ ನೇರವಾಗಿ ಇಳಿದು ಬಂದವು. ಇದು ‘ಸೈಟ್’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಉಪಗ್ರಹ ಶಿಕ್ಷಣ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಇಸ್ರೋ ಮತ್ತು ಆಕಾಶವಾಣಿಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಇದನ್ನು ನಡೆಸಿದವು. ತಂತಿಬಲೆಯ ದೊಡ್ಡ ಛತ್ರಿಯಂತಹ ಆಂಟೆನಾ, ಹೆಚ್ಚಾಗಿ ಶಾಲೆಯಲ್ಲಿ ಇರಿಸಿದ ಒಂದು ಪೆಟ್ಟಿಗೆ, ಅದರ ಮುಂದೆ ನೆಲದ ಮೇಲೆ ಕುಳಿತ ಊರು: ಇದು ಅದರ ಸ್ವರೂಪ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ವ್ಯವಸಾಯ, ಆರೋಗ್ಯ, ಕುಟುಂಬ ಯೋಜನೆ, ಮನರಂಜನೆಗಳ ಕಾರ್ಯಕ್ರಮಗಳು ನಡೆಯುತ್ತಿದ್ದವು. ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳಿಸುವ ಸೌಕರ್ಯವಿದ್ದುದರಿಂದ ತೆಲುಗು ಮತ್ತು ಕನ್ನಡಗಳು ಒಂದೇ ಚಿತ್ರವನ್ನು ಹಂಚಿಕೊಳ್ಳಲು ಸಾಧ್ಯವಾಗಿತ್ತು. ವರ್ಷ ಕಳೆದ ಮೇಲೆ ಉಪಗ್ರಹವನ್ನು ಬೇರೆಡೆಗೆ ಸರಿಸಲಾಯಿತು. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರವೊಂದು ಸ್ಥಾಪಿತವಾಯಿತು.

ಆ ಒಂದು ವರ್ಷದ ಕಾರ್ಯಕ್ರಮಗಳನ್ನು ಮನೆಯಲ್ಲಿ ಹಿಡಿದಿಡತಕ್ಕ ಸಾಧನವೇ ಅಂದು ನಮ್ಮ ಹಳ್ಳಿಗಳಲ್ಲಿರಲಿಲ್ಲ. ವಿಎಚ್‌ಎಸ್ ಎಂಬ ಕ್ಯಾಸೆಟ್ಟು ಪದ್ಧತಿಯು ಜಪಾನಿನ ಮಾರುಕಟ್ಟೆಗೆ ಬಂದದ್ದು ಪ್ರಯೋಗವು ಮುಗಿದ ಬಳಿಕ, 1976ರಲ್ಲಿ. ಆದುದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಯಾವ ಕಪಾಟಿನಲ್ಲಿಯೂ ಅದರ ಗೃಹಮುದ್ರಣವನ್ನು ಹುಡುಕುವಂತಿಲ್ಲ. ಜನಪ್ರಿಯ ಹಿಂದಿ ಧಾರಾವಾಹಿಗಳ ಪೂರ್ಣ ಪೆಟ್ಟಿಗೆಗಳು ನಮ್ಮಲ್ಲಿವೆ. ಕನ್ನಡದ ಮೊದಲ ದೂರದರ್ಶನವಾಗಿ ನಮ್ಮ ಸೀಮೆಗೇ ಬಂದುದರ ಒಂದು ಕಂತೂ ಆ ಸಾಲಿನಲ್ಲಿಲ್ಲ. ಸಂಗ್ರಾಹಕನ ಕಪಾಟು ಮಾರುಕಟ್ಟೆಯು ಯಾವುದನ್ನು ಮಾರಲು ಯೋಗ್ಯವೆಂದು ಬಗೆಯಿತೋ ಅದರ ಪಟ್ಟಿ. ಅದನ್ನೇ ದೂರದರ್ಶನದ ಇತಿಹಾಸವೆಂದು ಓದುವವನು ಹಳ್ಳಿಯ ಪ್ರೇಕ್ಷಕನನ್ನು ಪೂರ್ಣವಾಗಿ ಮರೆಯುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಎಲ್ಲವೂ ಅಂತರಜಾಲದಲ್ಲಿ ದೊರೆಯುವಾಗ ಈ ತಟ್ಟೆಗಳನ್ನೇಕೆ ಕಾಯಬೇಕು ಎಂದು. ಅಂತರಜಾಲದಲ್ಲಿರುವುದು ಇನ್ನೊಬ್ಬರ ಅನುಮತಿಯಿಂದ ಇರುವಂಥದು. ಹಕ್ಕಿನ ಒಡೆಯನು ತೆಗೆದ ದಿನ ಅದು ಇಲ್ಲವಾಗುತ್ತದೆ. ಹಾಡೊಂದು ಬದಲಾದರೂ, ದೃಶ್ಯವೊಂದು ಕಡಿತವಾದರೂ ನೋಡುವವನಿಗೆ ಸೂಚನೆ ಸಿಗುವುದಿಲ್ಲ. ಕೈಯಲ್ಲಿರುವ ಪ್ರತಿಯೊಡನೆ ಹೋಲಿಸಿದಾಗ ಮಾತ್ರ ಆ ವ್ಯತ್ಯಾಸವು ಹೊರಬೀಳುತ್ತದೆ. ಹಾಗೆಂದು ತಟ್ಟೆಯು ಶಾಶ್ವತವೆಂದು ಹೇಳುವಂತಿಲ್ಲ. ತೇವವು ತಗಲಿದ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬರೆದ ಡಿವಿಡಿಯ ಬಣ್ಣದ ಪದರವು ಬಿಸಿಲಿಗೆ, ಶಾಖಕ್ಕೆ ಕೆಡುತ್ತದೆ, ನಮ್ಮ ಜಿಲ್ಲೆಯ ಬೇಸಗೆಯು ಅದಕ್ಕೆ ಹಿತವಾದುದಲ್ಲ. ಅಲ್ಲದೆ, ವಿಎಚ್‌ಎಸ್ ಯಂತ್ರಗಳ ಕೊನೆಯ ತಯಾರಕರಾದ ಜಪಾನಿನ ಫುನಾಯ್ ಕಂಪನಿಯು 2016ರಲ್ಲಿ ಅವುಗಳ ಉತ್ಪಾದನೆಯನ್ನು ನಿಲ್ಲಿಸಿತು. ಓದುವ ಯಂತ್ರವಿಲ್ಲದ ಕ್ಯಾಸೆಟ್ಟು ಲಿಪಿ ಬಲ್ಲವರಿಲ್ಲದ ಓಲೆಯಂತೆ. ಆದುದರಿಂದ ಇಟ್ಟುಕೊಳ್ಳುವುದರ ಜೊತೆಗೆ ಕಾಲಕಾಲಕ್ಕೆ ಪ್ರತಿ ಮಾಡುವುದೂ ಸಂಗ್ರಾಹಕನ ಕರ್ತವ್ಯವಾಗುತ್ತದೆ. ಲಿಪಿಕಾರರು ಓಲೆಗಳಿಗೆ ಮಾಡುತ್ತಿದ್ದುದೂ ಇದನ್ನೇ.

ಈ ವಿವೇಚನೆಯಿಂದ ನಮ್ಮ ಕಾಲೇಜುಗಳು ಕೈಗೊಳ್ಳಬಹುದಾದ ಎರಡು ಕಾರ್ಯಗಳು ಫಲಿಸುತ್ತವೆ. ಮೊದಲನೆಯದು, ನಾಲ್ಕು ತಾಲೂಕುಗಳ ಮನೆಗಳಲ್ಲಿ ಇರತಕ್ಕ ಧಾರಾವಾಹಿ ಸಂಗ್ರಹಗಳ ಒಂದು ಸೂಚಿ. ಪ್ರತಿಯೊಂದಕ್ಕೂ ಕಂತುಗಳ ಸಂಖ್ಯೆ, ಭಾಷೆ, ಪ್ರಕಾಶಕರು, ಪ್ರತಿ ಕಂತಿನ ಅವಧಿ, ಪ್ರಸಾರದ ವರ್ಷ, ಅಂಗಡಿಯದೋ ಮನೆಯಲ್ಲಿ ಮುದ್ರಿಸಿದ್ದೋ ಎಂಬ ವಿವರ, ಕಾಣೆಯಾದ ಭಾಗ ಇವನ್ನು ಬರೆದಿಡಬೇಕು. ಕೊರತೆಯನ್ನು ಬರೆದಿಟ್ಟ ಅಪೂರ್ಣ ಸಂಗ್ರಹವು, ಅದನ್ನು ಮುಚ್ಚಿದ ‘ಸಮಗ್ರ’ ಸಂಗ್ರಹಕ್ಕಿಂತ ಸಂಶೋಧಕನಿಗೆ ಹೆಚ್ಚು ಉಪಯುಕ್ತ. ಇದು ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಂದಲೇ ನಡೆಯಬಹುದಾದ ಕೆಲಸ, ಖರ್ಚು ಅತ್ಯಲ್ಪ.

ಎರಡನೆಯದು ಕಾಲಕ್ಕೆ ಕಟ್ಟುಬಿದ್ದುದು. 1975ರಲ್ಲಿ ಆ ಪೆಟ್ಟಿಗೆಯ ಮುಂದೆ ಕುಳಿತ ಹತ್ತು ವರ್ಷದ ಮಗುವು ಇಂದು ಅರವತ್ತನ್ನು ದಾಟಿದೆ. ಪ್ರಯೋಗದ ಅಂಗವಾಗಿ ದೂರದರ್ಶನದ ಮೂಲಕ ವಿಜ್ಞಾನಬೋಧನೆಯ ತರಬೇತಿ ಪಡೆದ ಪ್ರಾಥಮಿಕ ಶಿಕ್ಷಕರಲ್ಲಿ ಅಂದು ಮೂವತ್ತರವರಾಗಿದ್ದವರು ಈಗ ಎಂಬತ್ತರ ಆಚೆಯಿದ್ದಾರೆ. ಚಿತ್ರವನ್ನು ಹಿಡಿದಿಡಲು ಆಗಲಿಲ್ಲ. ನೋಡಿದವರ ಮಾತನ್ನಾದರೂ ಈಗ ಧ್ವನಿಮುದ್ರಿಸಿಕೊಳ್ಳಬಹುದು. ಯಾವ ಊರಿನ ಶಾಲೆಯಲ್ಲಿ ಪೆಟ್ಟಿಗೆಯಿತ್ತು, ಯಾರು ಯಾರು ಕೂಡಿ ಕುಳಿತರು, ಯಾರಿಗೆ ಹೊರಗೆ ನಿಲ್ಲಬೇಕಾಯಿತು, ತೆರೆಯ ಮೇಲಿನ ಕನ್ನಡವು ಬಿಜಾಪುರದ ಕಿವಿಗೆ ತನ್ನದೆನಿಸಿತೇ ಎಂಬ ಪ್ರಶ್ನೆಗಳಿಗೆ ಯಾವ ಡಿವಿಡಿಯೂ ಉತ್ತರ ಕೊಡಲಾರದು. ಮುಂದಿನ ಬೇಸಗೆಯ ರಜೆಯಲ್ಲಿ ನಾಲ್ಕು ತಾಲೂಕುಗಳಿಗೆ ನಾಲ್ಕು ತಂಡಗಳು ಹೊರಟರೆ, ನಮ್ಮ ಸೂಚಿಯ ಮೊದಲ ಪುಟದಲ್ಲಿ 1975-76 ಎಂದು ಬರೆದು ಅದರ ಎದುರಿಗೆ ಕೆಲವು ಸಾಲುಗಳನ್ನಾದರೂ ತುಂಬಲು ಸಾಧ್ಯವಾದೀತು.